ಕರಿಕೊಳ್ಳದ ಎರಡು ಒಲೆ

ನಿಪ್ಪಾಣಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ರಾಜಮತಿಗೆ ನಲವತ್ತು ತುಂಬಿದ ವರ್ಷ ಒಂದು ಹಳ್ಳದ ಹುಚ್ಚು ಹಿಡಿಯಿತು.

ಸುತ್ತಲಿನ ಜನ ಅದನ್ನು ಕರಿಕೊಳ್ಳ ಅನ್ನುತ್ತಿದ್ದರು. ತವಂದಿ ಘಾಟದ ಆಚೆ, ಪಡುವಲ ಗುಡ್ಡಗಳ ಹೊಟ್ಟೆ ಸೀಳಿಕೊಂಡು ಇಳಿಯುವ ನೀರು. ಮಳೆಗಾಲದಲ್ಲಿ ಎಮ್ಮೆಯನ್ನೂ ಉರುಳಿಸಿಕೊಂಡು ಹೋಗುವ ಸೊಕ್ಕು. ಚಳಿಗಾಲ ಬಂತೆಂದರೆ ಬಂಡೆಗಳ ಸಂದಿಯಲ್ಲಿ ತಡವರಿಸುವ ಬಡತನ. ಎರಡೂ ಮಗ್ಗುಲಿಗೆ ಕರಿಗಲ್ಲಿನ ಗೋಡೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಗುಡ್ಡದ ಮೈಮೇಲೆ ಯಾರೋ ಕುಡಗೋಲಿನಿಂದ ಗೀರಿದಂತೆ ಒಂದು ಕಪ್ಪು ಗೆರೆ ಕಾಣುತ್ತಿತ್ತು, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ರಾಜಮತಿ ಆ ಗೆರೆಯನ್ನು ನೋಡುತ್ತಲೇ ಇದ್ದಳು. ನದಿ ತನ್ನ ಯೌವನದಲ್ಲಿ ನೆಲವನ್ನು ಆಳಕ್ಕೆ ಕೊರೆಯುತ್ತದೆ ಎಂದು ವರ್ಷವರ್ಷವೂ ಹುಡುಗಿಯರಿಗೆ ಹೇಳಿ, ಹಲಗೆಯ ಮೇಲೆ ಕಣಿವೆಯ ಚಿತ್ರ ಬರೆದು, ಗಂಟೆ ಬಾರಿಸಿದ ಕೂಡಲೇ ಒರೆಸಿ ಹಾಕುತ್ತಿದ್ದಳು. ಕೊಲ್ಹಾಪುರದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯವರ ಜೊತೆ ಮನಾಲಿಗೆ ಹೋಗಿ, ಹಗ್ಗ ಹಿಡಿದು ಬಂಡೆ ಹತ್ತುವುದನ್ನು ಕಲಿತು ಬಂದವಳು ಅವಳು. ಆಮೇಲೆ ಹತ್ತಿದ್ದೆಲ್ಲ ಮನೆಯ ಅಟ್ಟದ ನಿಚ್ಚಣಿಕೆ.

೧೯೮೮ರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಕೊಲ್ಹಾಪುರದ ಹಳೆಯ ಗೆಳತಿಯೊಬ್ಬಳಿಂದ ಆ ಭಾಗದ ಸರ್ವೇ ನಕ್ಷೆ ತರಿಸಿಕೊಂಡಳು. ಶಾಲೆಯಲ್ಲಿ ಆಟ ಕಲಿಸುವ ಶೇವಂತಾಳನ್ನು ಜೊತೆಗೆ ಕಟ್ಟಿಕೊಂಡಳು. ಶೇವಂತಾಳ ಸೋದರಮಾವ ಗಂಗಾರಾಮನ ಮನೆ ಕೊಳ್ಳದ ಅಂಚಿನ, ಐದಾರು ಮನೆಗಳ ಒಂದು ವಾಡಿಯಲ್ಲಿತ್ತು, ಅದೂ ಅನುಕೂಲವೇ. ದೀಪಾವಳಿ ಸೂಟಿಯಲ್ಲಿ ಹೊರಡುವುದು. ಕೊಳ್ಳದ ಬಾಯಿಂದ ಒಳಹೊಕ್ಕು ಹಳ್ಳದ ಪಾತ್ರದಲ್ಲೇ ಮೇಲೆ ಮೇಲೆ ನಡೆಯುವುದು. ಎರಡು ರಾತ್ರಿ ಮರಳಿನ ಮೇಲೆ ಮಲಗಿ, ಮೂರನೆಯ ದಿನ ಹಳ್ಳ ಹುಟ್ಟುವಲ್ಲಿರುವ ಡಾಂಬರು ರಸ್ತೆಗೆ ಹೊರಬೀಳುವುದು.

ನಡುಮನೆಯಲ್ಲಿ ನಕ್ಷೆ ಹರಡಿಕೊಂಡು ಇಬ್ಬರೂ ಬಗ್ಗಿ ಕೂತಿದ್ದಾಗ ರಾಜಮತಿಯ ಗಂಡ ಬಾಪುಸಾಹೇಬ ತಂಬಾಕಿನ ವಖಾರಿಯಿಂದ ಮನೆಗೆ ಬಂದ. ಮೈಯೆಲ್ಲ ತಂಬಾಕಿನ ಘಾಟು.

"ಯಾರ ಹೊಲದ ನಕಾಶಿ ಇದು? ಯಾರರೆ ತಕರಾರ ಹಾಕ್ಯಾರೇನು?"

ರಾಜಮತಿ ವಿಷಯ ಹೇಳಿದಳು. ಅವನು ಕೋಟು ಕಳಚುತ್ತ ಕೇಳಿದ. "ಅಲ್ಲಿ ಊರಿಲ್ಲ, ಗುಡಿ ಇಲ್ಲ. ಏನೈತಿ ಅಂತ ಹೋಗ್ತಿ?"

"ಏನೂ ಇಲ್ರಿ. ಬಂಡಿಗಲ್ಲು, ನೀರು. ಯಾರೂ ಇರೂದಿಲ್ಲ. ಅದಕ್ಕ ಹೋಗೂದು."

ಬಾಪುಸಾಹೇಬ ಒಳ್ಳೆಯ ಮನುಷ್ಯ. ತಿಳಿಯದ ವಿಷಯಕ್ಕೆ ಬೇಡ ಎನ್ನುವ ಚಟ ಅವನಿಗಿರಲಿಲ್ಲ. "ಹೋಗಿ ಬಾ ಹಂಗಾರ," ಎಂದು ಕಾಲು ತೊಳೆಯಲು ಹೊರಟ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅತ್ತೆ ಲಕ್ಷ್ಮಿಬಾಯಿಯ ದನಿ ಬಂತು.

"ನಾನೂ ಬರ್ತೀನಿ."

ಶೇವಂತಾ ನಕ್ಕಳು. ರಾಜಮತಿ ತಿರುಗಿ ನೋಡಿದಳು. ಅತ್ತೆ ನಗುತ್ತಿರಲಿಲ್ಲ.

"ಅವ್ವ, ನಿನಗ ಅರವತ್ತ ದಾಟ್ಯಾವ," ಅಂದ ಬಾಪುಸಾಹೇಬ.

"ಯಾತ್ರಾಕ ಹೋದಾಗ ಶಿಖರಜಿ ಗುಡ್ಡ ಹತ್ತಿಲ್ಲೇನ ನಾ?"

"ಡೋಲಿಯೊಳಗ ಕುಂತ ಹತ್ತೀದಿ."

"ಇಳಿಮುಂದ ನಡಕೋತ ಬಂದೇನಿ," ಎಂದು ಲಕ್ಷ್ಮಿಬಾಯಿ ಒಳಗೆ ಹೋಗಿಬಿಟ್ಟಳು.

ರಾಜಮತಿ ನಕ್ಷೆ ಮಡಚಿದಳು. ಯಾರ ಮುಂದೆಯೂ ಹೇಳದ ಒಂದು ಮಾತು ಅವಳ ಹೊಟ್ಟೆಯಲ್ಲಿತ್ತು. ಲಕ್ಷ್ಮಿಬಾಯಿ ಕೆಟ್ಟ ಅತ್ತೆಯಲ್ಲ. ಬೈದವಳಲ್ಲ, ದುಡಿಯಲು ಹೋಗಬೇಡ ಎಂದವಳಲ್ಲ. ಆದರೆ ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ದೀಪ ಆರಿಸುವವರೆಗೆ ಆ ಮನೆಯಲ್ಲಿ ಒಂದು ದನಿ ಕೂಗುತ್ತಲೇ ಇರುತ್ತಿತ್ತು. ರಾಜೀ, ಹಾಲ ಇಳಿಸಿದೇನ? ರಾಜೀ, ನೀರ ಗಾಳಿಸಿದೇನ? ರಾಜೀ, ಕಪಾಟಿನ ಕೀಲಿ ಎಲ್ಲಿ? ಆ ದನಿ ಕೇಳದ ಮೂರು ದಿನಗಳಿಗಾಗಿ ಅವಳು ಈ ಹಳ್ಳವನ್ನು ಹುಡುಕಿಕೊಂಡಿದ್ದಳು. ಈಗ ಆ ದನಿಯೇ ಗಂಟುಮೂಟೆ ಕಟ್ಟಿಕೊಂಡು ಬೆನ್ನಹಿಂದೆ ಬರುತ್ತೇನೆ ಅನ್ನುತ್ತಿತ್ತು.

ಮರುದಿನದಿಂದಲೇ ಅವಳು ಅಡ್ಡಿಗಳನ್ನು ಹೇಳತೊಡಗಿದಳು. ದಾರಿ ಇಲ್ಲ, ಬಂಡೆಯಿಂದ ಬಂಡೆಗೆ ಕಾಲಿಡಬೇಕು. ಮರಳಿನ ಮೇಲೆ ಮಲಗಬೇಕು. ಕಿರುಬ ಇರುತ್ತವೆ ಅನ್ನುತ್ತಾರೆ. ಲಕ್ಷ್ಮಿಬಾಯಿ ಎಲ್ಲದಕ್ಕೂ "ಹೂಂ" ಅಂದಳು. ಕೊನೆಗೆ ತಾನೇ ಒಂದು ಅಡ್ಡಿ ಎತ್ತಿದಳು. "ದೀವಳಿಗೀಗೆ ಆಗೂದಿಲ್ಲ. ಚಾತುರ್ಮಾಸ ಮುಗೀಲಿ. ಕಾರ್ತಿಕ ಹುಣ್ಣಿವಿ ಆಗೂತನಕ ನಾ ಊರಬಿಟ್ಟ ಕದಲೂದಿಲ್ಲ."

ಹಾಗಾದರೆ ನೀವು ಇರಿ, ನಾವು ಹೋಗಿ ಬರುತ್ತೇವೆ ಎನ್ನಲು ರಾಜಮತಿಗೆ ಒಳ್ಳೆಯ ನೆಪ ಸಿಕ್ಕಂತಾಯಿತು. ಆದರೆ ಆ ವಾರ ಸಂಕೇಶ್ವರಕ್ಕೆ ಹೋಗುವಾಗ ಬಸ್ಸಿನಿಂದ ನೋಡಿದರೆ ಗುಡ್ಡದ ನೀರು ಇನ್ನೂ ಕೆಂಪಾಗಿ, ಹೊಲಗಾಲುವೆಗಳಲ್ಲೂ ಭರದಿಂದ ಹರಿಯುತ್ತಿತ್ತು. ಹಿಂಗಾರಿ ಮಳೆ ಆ ವರ್ಷ ಹಿಂದೆ ಸರಿಯಲು ಒಲ್ಲೆ ಅನ್ನುತ್ತಿತ್ತು. ಡಿಸೆಂಬರ್ ಸೂಟಿಗೆ ಮುಂದೂಡದೆ ಬೇರೆ ದಾರಿ ಉಳಿಯಲಿಲ್ಲ.

"ನಿಮ್ಮ ಅತ್ತಿ ಬರೂದ ಖರೇ ಐತೇನ್ರಿ ಬಾಯಿ?" ಎಂದು ಶೇವಂತಾ ಶಾಲೆಯಲ್ಲಿ ಕೇಳಿದಳು.

"ಭಾರ ಹೊತ್ತ ಒಂದ ಸಲ ಘಾಟ ಹತ್ತಲಿ. ತಾವ ಬಿಡ್ತಾರ," ಅಂದಳು ರಾಜಮತಿ.

ಎನ್‌ಸಿಸಿ ಕೋಣೆಯಿಂದ ತಂದ ಖಾಕಿ ಚೀಲವೊಂದನ್ನು ಅವಳೇ ಅತ್ತೆಗಾಗಿ ತುಂಬಿದಳು. ಹಾಸಿಗೆ, ಅಕ್ಕಿ, ಬೇಳೆ, ಸ್ಟೋವು. ಚೀಲ ಎತ್ತಿ ನೋಡಿ, ಒಂದು ಗಳಿಗೆ ತಡೆದು, ಕುಕ್ಕರನ್ನೂ ಒಳಗೆ ತುರುಕಿದಳು. ಅದರ ಅಗತ್ಯವಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಹುಣ್ಣಿಮೆ ಕಳೆದ ಮೇಲೆ ಒಂದು ರವಿವಾರ ಬೆಳಿಗ್ಗೆ, ರೂಢಿಗೆಂದು, ಸ್ತವನಿಧಿಯ ಬಸದಿಗೆ ಕೈಮುಗಿದು ಮೂವರೂ ಘಾಟ ಹತ್ತತೊಡಗಿದರು. ಲಕ್ಷ್ಮಿಬಾಯಿ ಕಚ್ಚೆ ಬಿಗಿದುಕೊಂಡು, ಕಾಲಿಗೆ ಹಾಸ್ಟೆಲಿನಲ್ಲಿ ಓದುವ ಮೊಮ್ಮಗಳ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದಳು. ಅರ್ಧ ದಾರಿಗೆ ಅವಳ ಉಸಿರು ಸಿಳ್ಳೆ ಹೊಡೆಯಿತು. ಚಹದಂಗಡಿಯ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿ, ಕುಕ್ಕರನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಸೊಸೆಯ ಮುಖ ನೋಡಿದಳು.

"ಅಲ್ಲಿ ಯಾರರೆ ಬೀಗರ ಬರಾವರ ಅದಾರೇನ?"

ರಾಜಮತಿ ಬಗ್ಗಿ ತನ್ನ ಬೂಟಿನ ದಾರ ಬಿಗಿದಳು. ಲಕ್ಷ್ಮಿಬಾಯಿ ಕುಕ್ಕರನ್ನೂ ಸ್ಟೋವನ್ನೂ ಅಂಗಡಿಯವನ ವಶಕ್ಕೆ ಕೊಟ್ಟು, ಉಳಿದದ್ದನ್ನು ಹೊತ್ತುಕೊಂಡು ಮೇಲಿನವರೆಗೆ ಬಂದಳು. ಇಳಿಯುವಾಗ ಎಡಗಾಲನ್ನು ಓರೆಯಾಗಿ ಇಡುತ್ತಿದ್ದುದನ್ನು ರಾಜಮತಿ ಗಮನಿಸಿದಳು.

ಮರುದಿನ ಅತ್ತೆ ಏಳಲು ತಡಮಾಡಿದಳು. ಕೋಣೆಯಲ್ಲಿ ಇಣುಕಿದರೆ ಅವಳು ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿ ಎಣ್ಣೆ ಹಚ್ಚುತ್ತಿದ್ದಳು. ಮೊಣಕಾಲು ಹಲಸಿನ ತೊಳೆಯಂತೆ ಬಾತಿತ್ತು. ಹಿಮ್ಮಡಿಯಲ್ಲಿ ಬೊಬ್ಬೆ. ರಾಜಮತಿಯನ್ನು ಕಂಡ ಕೂಡಲೇ ಸೀರೆ ಎಳೆದುಕೊಂಡಳು.

ಇನ್ನು ನೆಪ ಹುಡುಕುವ ಕೆಲಸವಿರಲಿಲ್ಲ. ನಿಜವಾದ ಕಾರಣವೇ ಎದುರಿಗಿತ್ತು. ಆದರೂ ಹೇಳುವಾಗ ರಾಜಮತಿಯ ದನಿ ಬೇಕಾದದ್ದಕ್ಕಿಂತ ಗಟ್ಟಿಯಾಯಿತು. "ಅತ್ಯಾರ, ಸಿಟ್ಟಾಗಬ್ಯಾಡ್ರಿ. ಕೊಳ್ಳದ ನಡುವ ಈ ಕಾಲ ಕೈಕೊಟ್ರ ನಿಮ್ಮನ್ನ ಹೊರಗ ಹೊತ್ತ ತರಾಕ ನಮ್ಮಿಬ್ರ ಕಡೆ ಆಗೂದಿಲ್ಲ. ನಾ ನಿಮ್ಮನ್ನ ಕರಕೊಂಡ ಹೋಗೂದಿಲ್ಲ."

ಲಕ್ಷ್ಮಿಬಾಯಿ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿದಳು. ಅಂದು ಹಾಲಿನ ಬಗ್ಗೆ ಕೇಳಲಿಲ್ಲ, ಮರುದಿನ ನೀರಿನ ಬಗ್ಗೆಯೂ ಕೇಳಲಿಲ್ಲ. ರಾಜಮತಿ ಬಯಸಿದ್ದ ಮೌನ ಮನೆಯಲ್ಲೇ ಸಿಕ್ಕಿತು. ಆದರೆ ಈಗ ಅವಳೇ, ಯಾರೂ ಕೇಳದಿದ್ದರೂ, ಹಾಲು ಇಳಿಸಿದೆ, ನೀರು ಗಾಳಿಸಿದೆ ಎಂದು ಹೇಳತೊಡಗಿದಳು. ಬಾಪುಸಾಹೇಬ ತಾಟಿನ ಮೇಲೆ ತಲೆ ಬಗ್ಗಿಸಿ ಉಂಡು ಎದ್ದು ಹೋಗುತ್ತಿದ್ದ.

ಆ ವಾರದ ಕೊನೆಗೆ, ಮಧ್ಯಾಹ್ನ, ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆಯ ಎದುರು ರಾಜಮತಿ ಮೊರ ಹಿಡಿದು ಕೂತಳು.

"ಯಾಕ ಬರಬೇಕಂತ ಅನಿಸ್ತ್ರಿ ನಿಮಗ? ಅದರೆ ಹೇಳ್ರಿ."

ಲಕ್ಷ್ಮಿಬಾಯಿ ಬೇಳೆಯಲ್ಲಿ ಬೆರಳಾಡಿಸುತ್ತಲೇ ಇದ್ದಳು. ಆಮೇಲೆ ತಲೆಯೆತ್ತದೆ ಹೇಳಿದಳು.

"ಸಣ್ಣಾಕಿದ್ದಾಗ ಐಗಳಿಯೊಳಗ ಅಪ್ಪನ ಮನಿ. ಆಮ್ಯಾಲ ಈ ಮನಿ. ನಡುವ ಲಗ್ನ, ಬಾಣಂತನ ಅಂತ ಅವರಿವರ ಮನಿ. ಎಲ್ಲಿ ಮಲಗಿದ್ರೂ ಮುಂಜಾನೆ ಎದ್ದ ಯಾರಿಗೋ ಒಬ್ರಿಗೆ ಒಲಿ ಹಚ್ಚೂದ ಇತ್ತು. ಶಿಖರಜಿಗೆ ಹೋದಾಗೂ ಧರ್ಮಶಾಲಾದಾಗ ಊರಮಂದೀಗೆಲ್ಲಾ ಚಪಾತಿ ಲಟ್ಟಿಸೇನಿ. ನೀ ಅವತ್ತ ಬಾಪುಗ ಹೇಳಿದಿ, ಅಲ್ಲಿ ಯಾರೂ ಇರೂದಿಲ್ಲ ಅಂತ. ಯಾರೂ ಇರದ ಜಾಗಾ ಹೆಂಗಿರ್ತೈತಿ, ಒಂದ ರಾತ್ರಿ ನೋಡಬೇಕಂತ ಮನಸ್ಸಾತು. ಅಷ್ಟ."

ರಾಜಮತಿಯ ಕೈಯಲ್ಲಿ ಮೊರ ನಿಂತಿತು.

"ನನ್ನ ಬಿಟ್ಟ ದೂರ ಹೋಗಾಕ ನೀ ಈ ಹಳ್ಳ ಹುಡಿಕೀದಿ, ಅದೂ ಗೊತ್ತೈತಿ," ಅಂದಳು ಲಕ್ಷ್ಮಿಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪೇನಿಲ್ಲ. ನಮ್ಮತ್ತೀನ ಬಿಟ್ಟ ಓಡಿ ಹೋಗಬೇಕಂತ ನನಗೂ ಎಷ್ಟೋ ಸಲ ಅನಿಸೇತಿ. ನನಗ ನಕಾಶಿ ಓದಾಕ ಬರ್ತಿರಲಿಲ್ಲ, ನೋಡು."

ಆ ಸಂಜೆ ರಾಜಮತಿ ಮತ್ತೆ ನಕ್ಷೆ ಹರಡಿದಳು. ಈ ಸಲ ಅವಳ ಕಣ್ಣು ಹಳ್ಳದ ನೀಲಿ ಗೆರೆಯನ್ನು ಬಿಟ್ಟು ಅದರ ಎರಡೂ ಬದಿಗೆ ಓಡಾಡಿತು. ಎಲ್ಲಿ ಗೋಡೆ ಒಂದಿಷ್ಟು ಸಡಿಲಾಗಿದೆ, ಎಲ್ಲಿಂದ ದನ ಇಳಿಯಬಹುದು, ಎಲ್ಲಿಂದ ಬಾತ ಮೊಣಕಾಲೊಂದು ಹೊರಗೆ ಹತ್ತಬಹುದು? ಗಂಗಾರಾಮನ ವಾಡಿಯ ಕೆಳಗೆ ಗುಡ್ಡದ ಎತ್ತರ ತೋರಿಸುವ ಗೆರೆಗಳು ದೂರ ದೂರ ಇದ್ದವು. ಶೇವಂತಾಳನ್ನು ಕೇಳಿದರೆ, ಹೌದು, ಅಲ್ಲಿ ದನ ನೀರಿಗಿಳಿಸುವ ದಾರಿಯಿದೆ, ಕೆಳಗೆ ಒಳ್ಳೆ ಮರಳಿದೆ ಅಂದಳು. ಕೊಳ್ಳದ ಬಾಯಿಂದ ಅಲ್ಲಿಗೆ ಅರ್ಧ ದಿನದ ನಡಿಗೆ. ಮೊದಲ ದಿನ ಅಲ್ಲಿಗೇ ನಿಲ್ಲುವುದು. ಮರುದಿನ ಬೆಳಿಗ್ಗೆ ಗಂಗಾರಾಮ ಬಂದು ಅತ್ತೆಯನ್ನು ಮೇಲೆ ಕರೆದುಕೊಂಡು ಹೋಗಿ ಎತ್ತಿನ ಚಕ್ಕಡಿಯಲ್ಲಿ ರಸ್ತೆಗೆ ಮುಟ್ಟಿಸುವುದು. ಇವರಿಬ್ಬರು ಮುಂದೆ ಹೋಗುವುದು. ಪ್ರವಾಸಕ್ಕೆ ಒಂದು ದಿನ ಹೆಚ್ಚಾಯಿತು, ಅದರ ಅಕ್ಕಿ ಬೇಳೆಯೂ ಹೆಚ್ಚಾಯಿತು. ಭಾರ ಸರಿದೂಗಿಸಲು ರಾಜಮತಿ ತನ್ನ ಚೀಲದಿಂದ ಹಗ್ಗವನ್ನು ತೆಗೆದಿಟ್ಟಳು. ಹಗ್ಗ ಬೇಕಾಗುವಂಥ ಜಾಗ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ.

ಡಿಸೆಂಬರಿನ ಕೊನೆಯ ವಾರ, ಮೊಣಕಾಲಿನ ಬಾವು ಇಳಿದ ಮೇಲೆ, ಹೊರಟರು. ಬಾಪುಸಾಹೇಬ ಕೊಳ್ಳದ ಬಾಯಿಯವರೆಗೆ ಬಂದು, ಒಳಗೆ ಬಗ್ಗಿ ನೋಡಿ, "ಹುಷಾರಲೇ," ಎಂದು ಯಾರಿಗೋ ಹೇಳಿದಂತೆ ಹೇಳಿ ನಿಂತುಕೊಂಡ.

ಕೊಳ್ಳದೊಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಹೊರಗಿನ ಸದ್ದೆಲ್ಲ ಕಡಿದುಹೋಯಿತು. ಮನೆಯಷ್ಟು ದೊಡ್ಡ ಬಂಡೆಗಳು, ನೀರು ತಿಕ್ಕಿ ತಿಕ್ಕಿ ನುಣುಪಾದವು, ಒಂದರ ಮೇಲೊಂದು ಬಿದ್ದಿದ್ದವು. ಲಕ್ಷ್ಮಿಬಾಯಿ ಕಷ್ಟದ ಜಾಗಗಳಲ್ಲಿ ನಾಚಿಕೆ ಬಿಟ್ಟು ಕೂತುಕೊಂಡೇ ಜಾರುತ್ತಿದ್ದಳು. "ಅಗ ಬಾಯಿ! ಜಾರಬಂಡಿ ಆಡಾಕತ್ತಾರ ನೋಡ್ರಿ," ಎಂದು ಶೇವಂತಾ ಕೈ ಹಿಡಿಯುತ್ತಿದ್ದಳು. ನಡುವೆ ಒಮ್ಮೆ ಅತ್ತೆ ಪೂರ್ತಿ ನಿಂತುಬಿಟ್ಟಳು. ಮುಖ ಬಿಳಿಚಿತ್ತು. ರಾಜಮತಿ ಅವಸರ ಮಾಡಲಿಲ್ಲ. ಅವಸರ ಮಾಡಬೇಕಾದ ದೂರವನ್ನು ಅವಳು ಲೆಕ್ಕದಲ್ಲಿಟ್ಟಿರಲೇ ಇಲ್ಲ.

ಮರಳು ಸಿಕ್ಕಾಗ ಹೊತ್ತು ಇನ್ನೂ ಮೇಲಿತ್ತು. ಆದರೆ ಕೊಳ್ಳದಲ್ಲಿ ಆಗಲೇ ನೆರಳು ತುಂಬಿತ್ತು. ಸೂರ್ಯ ಮುಳುಗುವ ಮೊದಲೇ ಉಣ್ಣಬೇಕಾದ ಜೈನರಿಗೆ ಇಲ್ಲಿ ಸೂರ್ಯ ಮುಳುಗಿದನೋ ಇಲ್ಲವೋ ಎಂದು ಶೇವಂತಾ ಕೇಳಿದಳು.

"ಗ್ವಾಡಿ ಹಿಂದ ಹ್ವಾದ್ರ ಮುಳುಗಿದಂಗ ಅಲ್ಲ," ಅಂದಳು ಲಕ್ಷ್ಮಿಬಾಯಿ. "ಮ್ಯಾಲ ನೋಡ, ಗುಡ್ಡದ ತಲಿಮ್ಯಾಲ ಇನ್ನೂ ಬಿಸಲೈತಿ." ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಬೆಲ್ಲ. ಒಲೆ ಹೂಡಲು ಎದ್ದ ಅತ್ತೆಯನ್ನು ರಾಜಮತಿ ತಡೆದಳು. ತಾನೇ ನೀರು ಗಾಳಿಸಿ, ಕಾಯಿಸಿ ಕೊಟ್ಟಳು. ಉಂಡಾದ ಮೇಲೆ ಲಕ್ಷ್ಮಿಬಾಯಿ ಹಾಸಿಗೆ ಎತ್ತಿಕೊಂಡು ಸ್ವಲ್ಪ ಆಚೆ, ಒಂದು ಬಂಡೆಯ ಮರೆಗೆ ಹೋದಳು. ಹೋಗಿ ನೋಡಲೇ ಎಂದು ರಾಜಮತಿ ಮತ್ತೆ ಮತ್ತೆ ಅಂದುಕೊಂಡಳು. ಹೋಗಲಿಲ್ಲ.

ಬೆಳಿಗ್ಗೆ ಅತ್ತೆಯ ಕಾಲಿಗೆ ಎರಗಿ ಇಬ್ಬರೂ ಮುಂದೆ ಹೊರಟರು. ಗಂಗಾರಾಮ ಬಿಸಿಲೇರುವ ಹೊತ್ತಿಗೆ ಬರುತ್ತಾನೆ. ಲಕ್ಷ್ಮಿಬಾಯಿ ಚೀಲದ ಪಕ್ಕ ಕೂತು ಕೈಯೆತ್ತಿದಳು, ಬಸ್ಸಿಗೆ ಕಾಯುವವಳಂತೆ.

ಮುಂದಿನ ಕೊಳ್ಳ ಬೇರೆಯೇ ಇತ್ತು. ಗೋಡೆಗಳು ಹತ್ತಿರ ಹತ್ತಿರ ಬಂದು, ಆಕಾಶ ಒಂದು ಪಟ್ಟಿಯಷ್ಟೇ ಉಳಿಯಿತು. ರಾಜಮತಿ ಕಲ್ಲಿನ ಪದರುಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ನಡೆದಳು. ತಾನು ಹಲಗೆಯ ಮೇಲೆ ಎರಡು ಓರೆ ಗೆರೆ ಎಳೆದು ಮುಗಿಸುತ್ತಿದ್ದುದು ಇದನ್ನೇ? ಮಧ್ಯಾಹ್ನ ಸರಿಯುವ ಮುಂಚೆ ಒಂದು ತಿರುವು ದಾಟಿದರು, ದಾರಿ ನಿಂತುಹೋಯಿತು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಕಪ್ಪು ಮಡು. ಶೇವಂತಾ ಉದ್ದನೆಯ ಕೋಲು ಇಳಿಬಿಟ್ಟಳು. ತಳ ಸಿಗಲಿಲ್ಲ.

"ನನಗ ಈಸ ಬರೂದಿಲ್ರಿ ಬಾಯಿ," ಅಂದಳು ಶೇವಂತಾ, ಮೆಲ್ಲಗೆ. ಓಟದಲ್ಲಿ ಜಿಲ್ಲೆಗೇ ಮೊದಲು ಬಂದವಳು ಅವಳು.

ರಾಜಮತಿ ಉಗಾರ ಬುದ್ರುಕದವಳು. ಕೃಷ್ಣೆಯಲ್ಲಿ ಈಸಿ ಬೆಳೆದವಳು. ಚೀಲ ಇಟ್ಟು, ಸೀರೆಯ ಕಚ್ಚೆ ಬಿಗಿದು ನೀರಿಗಿಳಿದಳು. ಚಳಿ ಎಲುಬಿಗೆ ತಾಗಿತು. ಆಚೆ ದಡ ಮುಟ್ಟಿ ನೋಡಿದರೆ ಎದೆಯೆತ್ತರದ ನುಣುಪು ಕಲ್ಲು. ಅದರಾಚೆ ಕೊಳ್ಳ ಮತ್ತೆ ಅಗಲವಾಗಿತ್ತು. ಒಂದು ಹಗ್ಗ ಇದ್ದಿದ್ದರೆ ಶೇವಂತಾಳನ್ನೂ ಚೀಲಗಳನ್ನೂ ಎಳೆದುಕೊಳ್ಳಬಹುದಿತ್ತು. ಹಗ್ಗ ನಿಪ್ಪಾಣಿಯಲ್ಲಿತ್ತು.

"ನೀವು ಹೋಗ್ರಿ!" ಎಂದು ಶೇವಂತಾ ಕೂಗಿದಳು. "ನಾ ತಿರುಗಿ ಮಾಮಾನ ವಾಡಿಗೆ ಹೋಗ್ತೀನಿ!"

ಕೂಗು ಗೋಡೆಗಳಿಗೆ ಬಡಿದು ಆರಿತು. ರಾಜಮತಿ ಕಲ್ಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಯಾರೂ ಕರೆಯದ, ಯಾರೂ ಕೇಳದ ಜಾಗ ಒಂದು ಮಾರು ಮುಂದಿತ್ತು. ಆದರೆ ಅಲ್ಲಿ ಕಾಲು ಉಳುಕಿದರೆ? ಇತ್ತ ಶೇವಂತಾ ಒಬ್ಬಳೇ ಬಂಡೆ ಇಳಿಯುವಾಗ ಜಾರಿದರೆ? ಅತ್ತೆಗೆ ತಾನು ಗಟ್ಟಿ ದನಿಯಲ್ಲಿ ಹೇಳಿದ್ದ ಮಾತು ತನಗೂ ಸಲ್ಲುತ್ತಿತ್ತು. ಅವಳು ಕಲ್ಲು ಬಿಟ್ಟಳು. ಮಡುವಿನ ನಡುವೆ ಬಂದಾಗ ಅಂಗಾತ ತೇಲಿ, ಮೇಲಿನ ಆಕಾಶದ ಪಟ್ಟಿಯನ್ನು ನೋಡುತ್ತ ಕೈಕಾಲು ಸಡಿಲ ಬಿಟ್ಟಳು. ಕಿವಿ ನೀರಿನೊಳಗಿತ್ತು. ಏನೂ ಕೇಳಿಸುತ್ತಿರಲಿಲ್ಲ. ಎಷ್ಟು ಹೊತ್ತು ಹಾಗಿದ್ದಳೋ, ಶೇವಂತಾ ಗಾಬರಿಯಾಗಿ ನೀರಿಗೆ ಕಲ್ಲೆಸೆದಾಗ ಎಚ್ಚರಾಗಿ ದಡಕ್ಕೆ ಬಂದಳು.

"ಸಾಕು. ತಿರಗೂಣು," ಅಂದಳು. ಹಲ್ಲು ಕಟಕಟಿಸುತ್ತಿದ್ದವು, ಮುಖದಲ್ಲಿ ನಗುವಿತ್ತು.

ವಾಡಿಯ ಕೆಳಗಿನ ಮರಳಿಗೆ ಹಿಂತಿರುಗಿ ಬರುವಾಗ ದೂರದಿಂದಲೇ ಸಣ್ಣ ಹೊಗೆ ಕಾಣಿಸಿತು. ಗಂಗಾರಾಮ ಇರಬಹುದು ಅಂದುಕೊಂಡರು. ಬಂಡೆ ದಾಟಿ ನೋಡಿದರೆ ಲಕ್ಷ್ಮಿಬಾಯಿ. ಮೂರು ಕಲ್ಲು ಹೂಡಿ ಅನ್ನಕ್ಕೆ ಇಟ್ಟು, ಒಬ್ಬಳೇ ಕೂತಿದ್ದಳು.

ಇವರನ್ನು ನೋಡಿ ಅವಳ ಮುಖ ಅರಳಲಿಲ್ಲ. "ಯಾಕ ಬಂದ್ರಿ?"

"ಮಾಮಾ ಬರಲಿಲ್ಲೇನ್ರಿ?" ಎಂದು ಶೇವಂತಾ ಕೇಳಿದಳು.

"ಬಂದಿದ್ದಾ. ನಾಳಿ ಬಾರಪ್ಪ ಅಂತ ಹೇಳಿ ಕಳಿಸಿದ್ನಿ. ಮ್ಯಾಲಿಂದ ಮೂರ ಸಲ ಕೂಗಿ ನೋಡ್ಯಾನ ಪಾಪ, ಮುದುಕಿ ಬದುಕ್ಯಾಳೋ ಇಲ್ಲೋ ಅಂತ." ಹೇಳಿದ ಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ದನಿ ತಗ್ಗಿಸಿದಳು. "ನಿನ್ನೆ ನೀವಿದ್ರಿ. ಯಾರೂ ಇರದಂಗ ಎಲ್ಲಿ ಆತು ಅದು?"

ರಾಜಮತಿ ಮಡುವಿನ ಕತೆ ಹೇಳಿದಳು. "ಹಂಗಾರ ಛಲೋ ಮಾಡಿದ್ರಿ," ಅಂದಳು ಲಕ್ಷ್ಮಿಬಾಯಿ. ಹೇಳುತ್ತಿದ್ದಂತೆ ಅವಳ ಕೈ ತಾನಾಗಿಯೇ ಅಕ್ಕಿಯ ಚೀಲದತ್ತ ಹೋಯಿತು. ಒಂದು ಹಿಡಿ ತುಂಬಿಕೊಂಡಿತು, ಇನ್ನೊಂದು ಹಿಡಿಗೆ ಚಾಚಿತು. ಆ ಕೈಯನ್ನು ರಾಜಮತಿ ಹದಿನೆಂಟು ವರ್ಷದಿಂದ ನೋಡುತ್ತ ಬಂದಿದ್ದಳು. ಇಂದೇ ಮೊದಲ ಸಲ ಕಂಡಂತಾಯಿತು.

"ಬ್ಯಾಡ್ರಿ ಅತ್ಯಾರ. ನಮ್ಮ ಒಲಿ ನಾವು ಬ್ಯಾರೆ ಹೂಡ್ತೀವಿ," ಅಂದಳು.

ಊರಿನಲ್ಲಿ ಆಡಿದ್ದರೆ ಮನೆ ಒಡೆಯುವ ಮಾತದು. ಲಕ್ಷ್ಮಿಬಾಯಿ ಸೊಸೆಯ ಮುಖವನ್ನು ನಿಟ್ಟಿಸಿ ನೋಡಿದಳು. ಆಮೇಲೆ ಹಿಡಿಯಲ್ಲಿದ್ದ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಚೀಲಕ್ಕೆ ಮರಳಿ ಸುರಿದು, "ಹೂಂ," ಅಂದಳು.

ಇಬ್ಬರೂ ಚೀಲ ಎತ್ತಿಕೊಂಡು ಕೆಳಗಿನ ತಿರುವಿನಾಚೆ ಹೋದರು. ಗುಡ್ಡದ ತಲೆಯ ಮೇಲೆ ಇನ್ನೂ ಬಿಸಿಲಿತ್ತು. ಶೇವಂತಾ ಪುಳ್ಳೆ ಆರಿಸಿ ತಂದಳು. ಈಚೆಯ ಹೊಗೆ ಎದ್ದು, ಆಚೆಯ ಹೊಗೆಯ ಎತ್ತರಕ್ಕೆ ಹೋಗಿ, ಎರಡೂ ಗಾಳಿಯಿಲ್ಲದ ಕೊಳ್ಳದಲ್ಲಿ ನೆಟ್ಟಗೆ ನಿಂತವು.

ಮರುದಿನ ಬೆಳಿಗ್ಗೆ ರಾಜಮತಿ ಮುಖ ತೊಳೆಯಲು ತಿರುವಿನ ಅಂಚಿಗೆ ಬಂದಳು. ಬಿಸಿಲು ಪಡುವಲ ಗೋಡೆಯ ಅರ್ಧಕ್ಕೆ ಇಳಿದಿತ್ತು. ಲಕ್ಷ್ಮಿಬಾಯಿ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ಎರಡೂ ಕಾಲುಗಳನ್ನು ನೀರಿಗೆ ಬಿಟ್ಟಿದ್ದಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಅವಳ ಕೂದಲು ಇಷ್ಟೊಂದು ನೆರೆತಿರುವುದು ರಾಜಮತಿಗೆ ಗೊತ್ತಿರಲಿಲ್ಲ. ಒಲೆ ಹಚ್ಚಿರಲಿಲ್ಲ. ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಮೇಲಿನ ದಾರಿಯಲ್ಲಿ ಗಂಗಾರಾಮನ ಕೆಂಪು ರುಮಾಲು ಕಾಣಿಸಿತು. "ಆಯೀ, ಓ ಆಯೀ!" ಎಂದು ಅವನು ಬಾಯಿಗೆ ಕೈ ಹಿಡಿದು ಕೂಗಿದ. ಲಕ್ಷ್ಮಿಬಾಯಿ ತಿರುಗಿ ನೋಡಲಿಲ್ಲ, ಕೇಳಿಸಲಿಲ್ಲವೋ, ಕೇಳಿಸಿಯೂ ಹೊರಳಲಿಲ್ಲವೋ.

ಗಂಗಾರಾಮ ಇನ್ನೊಮ್ಮೆ ಕೂಗಲು ಬಾಯಿ ತೆರೆದಾಗ ರಾಜಮತಿ ಬಂಡೆಯ ಮೇಲೆ ಹತ್ತಿ ನಿಂತು, ಅವನಿಗೆ ಕಾಣುವಂತೆ ಎರಡೂ ಕೈ ಬೀಸಿ, ಕೂತುಕೋ ಎಂದು ಸನ್ನೆ ಮಾಡಿದಳು. ಅವನು ಒಂದು ಕ್ಷಣ ಅರ್ಥವಾಗದೆ ನಿಂತ. ಆಮೇಲೆ ರುಮಾಲು ಬಿಚ್ಚಿ ಕಲ್ಲಿನ ಮೇಲೆ ಹಾಸಿಕೊಂಡು, ಚಂಚಿ ತೆಗೆದು, ಎಲೆಗೆ ಸುಣ್ಣ ಸವರುತ್ತ ಕೂತ.